ಉಪ್ಪುನೀರಿನಿಂದ ಸಿಹಿನೀರು: ಮಕ್ಕಳೇ ಮಾಡಿ ನೋಡಲಿ

ಮಾರ್ಚ್ ಕಳೆಯುತ್ತಿದ್ದಂತೆ ಹೊಳೆ ಸಮುದ್ರ ಸೇರುವ ಜಾಗದ ಬಾವಿಗಳ ರುಚಿ ಕೆಡುತ್ತದೆ. ಮೊದಲು ಚಹಾದಲ್ಲಿ ಗೊತ್ತಾಗುತ್ತದೆ. ಆಮೇಲೆ ಸೋಪು ನೊರೆ ಕೊಡುವುದಿಲ್ಲ. ಕೊನೆಗೆ ಅಡಿಕೆ ಸಸಿಯ ಎಲೆಯ ತುದಿ ಸುಟ್ಟಂತಾಗುತ್ತದೆ. ಆಗ 'ಕುದಿಸಿ ಕುಡಿದರಾಯ್ತಪ್ಪ' ಅನ್ನುವವರು ಇದ್ದೇ ಇರುತ್ತಾರೆ.

ಕುದಿಸಿದರೆ ರೋಗಾಣು ಸಾಯುತ್ತದೆ, ಉಪ್ಪು ಹೋಗುವುದಿಲ್ಲ. ನೀರು ಆವಿಯಾಗಿ ಇಳಿದಷ್ಟೂ ಉಳಿದದ್ದು ಇನ್ನೂ ಉಪ್ಪಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೆ, ಮರಳು-ಇದ್ದಿಲಿನಲ್ಲಿ ಇಳಿಸಿದರೂ ಅಷ್ಟೆ. ನೀರಿನಲ್ಲಿ ಕರಗಿದ ಉಪ್ಪು ಕಸದ ಹಾಗೆ ತೇಲಿಕೊಂಡಿಲ್ಲವಲ್ಲ, ಸೋಸಲು ಸಿಗುವುದಕ್ಕೆ. ಈ ಮಾತನ್ನು ಬಾಯಲ್ಲಿ ಹೇಳುವುದಕ್ಕಿಂತ ಮಕ್ಕಳಿಂದ ಅಂಗಳದಲ್ಲಿ ಮಾಡಿಸುವುದು ಸುಲಭ. ಈಗ ಹೇಗೂ ರಜೆ.

ಅಗಲ ಬಾಯಿಯ ಬೋಗುಣಿಯೊಂದು ಬೇಕು. ಕೀಟನಾಶಕ ಕಲಸಿದ ಬಕೆಟ್ ಖಂಡಿತ ಬೇಡ, ಕೆಲವು ವಿಷಗಳು ಆವಿಯ ಜತೆಗೇ ಏರುತ್ತವೆ. ಎರಡು ಲೀಟರ್ ನೀರಿಗೆ ನಾಲ್ಕು ದೊಡ್ಡ ಚಮಚ ಅಡುಗೆ ಉಪ್ಪು ಕರಗಿಸಿ. ಲೀಟರಿಗೆ 35 ಗ್ರಾಂ ಆಸುಪಾಸು, ಅಂದರೆ ಸಮುದ್ರದ ನೀರಿನಷ್ಟೇ ಉಪ್ಪು. ನಾಲ್ಕು ಹನಿ ಶಾಯಿಯನ್ನೂ ಹಾಕಿದರೆ ಮಕ್ಕಳಿಗೆ ಇನ್ನೂ ಖುಷಿ.

ಬೋಗುಣಿಯ ನಡುವೆ ಭಾರದ ಗಾಜಿನ ಲೋಟ ಇಡಿ. ಅದರ ಬಾಯಿ ನೀರಿಗಿಂತ ಮೇಲಿರಬೇಕು, ಬೋಗುಣಿಯ ಅಂಚಿಗಿಂತ ಕೆಳಗಿರಬೇಕು. ಮೇಲಿಂದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಸ್ವಲ್ಪ ಸಡಿಲವಾಗಿ ಹೊದೆಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಸುತ್ತ ಬಿಗಿಯಿರಿ. ಗಾಳಿ ಆಡಿದರೆ ಆವಿ ಹೋಗಿಬಿಡುತ್ತದೆ, ಎಲ್ಲ ವ್ಯರ್ಥ. ಲೋಟದ ನೇರಕ್ಕೆ ಹಾಳೆಯ ಮೇಲೆ ಒಂದು ಕಲ್ಲು. ಹಾಳೆ ಲೋಟಕ್ಕೆ ತಾಗದೆ ಅದರ ಕಡೆಗೆ ಇಳಿಜಾರಾದರೆ ಸಾಕು. ಬೆಳಗ್ಗೆ ಬಿಸಿಲಿಗಿಟ್ಟು ಸಂಜೆ ತೆಗೆಯಿರಿ. ಬೋಗುಣಿಯ ತಳಕ್ಕೆ ಕಪ್ಪು ಬಟ್ಟೆ ಹಾಸಿ, ಸುತ್ತ ಉಮಿ ತುಂಬಿಟ್ಟರೆ ನೀರು ಇನ್ನೂ ಬೇಗ ಬಿಸಿಯಾಗುತ್ತದೆ.

ಸಿಗುವುದು ಅರ್ಧ ಲೋಟವೋ ಒಂದು ಲೋಟವೋ. ಆದರೆ ಅದರಲ್ಲಿ ಶಾಯಿಯ ಬಣ್ಣವಿಲ್ಲ. ಸ್ಟೀಲ್ ತಟ್ಟೆಯ ಮೇಲೆ ಇದರ ಒಂದು ಹನಿ, ಬೋಗುಣಿಯ ನೀರಿನ ಒಂದು ಹನಿ ಒಣಗಿಸಿ. ಎರಡನೆಯದರ ಜಾಗದಲ್ಲಿ ಬಿಳಿ ಉಂಗುರ ಉಳಿಯುತ್ತದೆ. ನೀರು ಆವಿಯಾಗಿ ಮೇಲೇರಿತು, ಉಪ್ಪಿಗೆ ಆ ಬಿಸಿ ಸಾಲದೆ ಕೆಳಗೇ ಕೂತಿತು, ಆವಿ ಹಾಳೆಯ ತಂಪಿಗೆ ತಾಗಿ ಹನಿಯಾಯಿತು. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ನಡೆಯುವುದೂ ಇದೇ. ಅವರು ನೀರನ್ನು ಆಕಾಶಕ್ಕೆ ಬಿಟ್ಟು ಉಪ್ಪು ಇಟ್ಟುಕೊಳ್ಳುತ್ತಾರೆ, ನಾವು ಉಪ್ಪು ಬಿಟ್ಟು ನೀರು ಹಿಡಿಯುತ್ತೇವೆ.

ಇದು ಬರೇ ಆಟವಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದ ಮರುಭೂಮಿಯಲ್ಲಿ, ಲಾಸ್ ಸಲಿನಾಸ್ ಎಂಬಲ್ಲಿ, 1872ರಲ್ಲೇ ಗಣಿಯವರಿಗಾಗಿ ಸುಮಾರು 4,700 ಚದರ ಮೀಟರ್ ಗಾಜು ಹೊದಿಸಿ ದಿನಕ್ಕೆ 22,000 ಲೀಟರಿಗೂ ಮೇಲೆ ಸಿಹಿನೀರು ಇಳಿಸಿದ್ದರು. ಚದರ ಮೀಟರಿಗೆ ನಾಲ್ಕೂವರೆ-ಐದು ಲೀಟರ್ ಬಿತ್ತು.

ಹಾಗಾದರೆ ನಮ್ಮ ತೋಟಕ್ಕೂ ಆದೀತಾ? ಲೆಕ್ಕ ಹಾಕೋಣ. ಒಂದು ಲೀಟರ್ ನೀರು ಆವಿಯಾಗಲು ಕರೆಂಟಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟಿಗೆ ಸ್ವಲ್ಪ ಕಡಿಮೆ ಶಾಖ ಬೇಕು. ಒಳ್ಳೆ ಬೇಸಿಗೆಯ ದಿನ ಒಂದು ಚದರ ಮೀಟರಿನ ಮೇಲೆ ಬೀಳುವ ಬಿಸಿಲು ಆರು ಯೂನಿಟ್ ಅನ್ನಿ. ಅರ್ಧಕ್ಕಿಂತ ಹೆಚ್ಚು ಶಾಖ ಗಾಳಿಗೆ, ಗಾಜಿಗೆ ಹೋಗುತ್ತದೆ. ಚೆನ್ನಾಗಿ ಕಟ್ಟಿದ ಪೆಟ್ಟಿಗೆಯಲ್ಲಿ ಮೂರು-ನಾಲ್ಕು ಲೀಟರ್ ಬಂದರೆ ಹೆಚ್ಚು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ 20 ಲೀಟರ್ ಬೇಕೆಂದರೆ ಐದಾರು ಚದರ ಮೀಟರ್ ಗಾಜು. ಅದು ಆದೀತು. ದಿನಕ್ಕೆ 50 ಲೀಟರ್ ಕುಡಿಯುವ ಒಂದೇ ತೆಂಗಿನ ಮರಕ್ಕೆ ಹದಿನಾಲ್ಕು ಚದರ ಮೀಟರ್ ಗಾಜು ಯಾರು ಹೊದೆಸುತ್ತಾರೆ ಹೇಳಿ!

ಇದೇ ಕೆಲಸವನ್ನು ಅರಬ್ಬಿ ಸಮುದ್ರದ ಮೇಲೆ ಬಿಸಿಲು ಬಿಟ್ಟಿಯಾಗಿ ಮಾಡಿ, ಜೂನಿನಲ್ಲಿ ನಮ್ಮ ಮಾಡಿನ ಮೇಲೆ ಸುರಿಯುತ್ತದೆ. ಕರಾವಳಿಯಲ್ಲಿ ಒಂದು ಚದರ ಮೀಟರ್ ಹೆಂಚಿನ ಮೇಲೆ ಮಳೆಗಾಲವೊಂದರಲ್ಲಿ 3,000 ಲೀಟರಿಗೂ ಮೇಲೆ ಬೀಳುತ್ತದೆ. ಅಷ್ಟನ್ನು ಗಾಜಿನ ಪೆಟ್ಟಿಗೆಯಿಂದ ಇಳಿಸಲು ದಿನಕ್ಕೆ ಮೂರು ಲೀಟರಿನಂತೆ ಸಾವಿರ ಬಿಸಿಲ ದಿನ ಬೇಕು. ಆದ್ದರಿಂದ ಮಾಡಿನ ನೀರನ್ನು ಟ್ಯಾಂಕಿಗೆ ಹಿಡಿಯುವುದು, ಉಳಿದದ್ದನ್ನು ಬಾವಿಯ ಸುತ್ತ ಇಂಗಿಸುವುದು ಲಾಭ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತರೆ ಕೆಳಗೆ ಸುಮಾರು ನಲವತ್ತು ಅಡಿವರೆಗೆ ಅದು ಉಪ್ಪುನೀರನ್ನು ಒತ್ತಿ ಹಿಡಿಯುತ್ತದೆ ಎನ್ನುವುದು ಅಂತರ್ಜಲದವರ ಲೆಕ್ಕ. ಬೇಸಿಗೆಯಲ್ಲಿ ಪಂಪು ಬಿಟ್ಟು ಆ ಒಂದಡಿ ಎಳೆದುಬಿಟ್ಟರೆ ಉಪ್ಪು ಮೇಲೇರುವುದು ಅದಕ್ಕೇ.

ಲೋಟದ ನೀರನ್ನು ಇನ್ವರ್ಟರ್ ಬ್ಯಾಟರಿಗೆ ಹಾಕೋಣವಾ ಎಂದು ಕೇಳುವವರಿದ್ದಾರೆ. ಬೇಡ. ಬೋಗುಣಿಯಿಂದ ಒಂದು ಹನಿ ಉಪ್ಪುನೀರು ಎರಚಿ ಬಿದ್ದಿದ್ದರೂ ಒಳಗಿನ ಪ್ಲೇಟು ಹಾಳಾಗುತ್ತದೆ. ಉಳಿದ ಗಟ್ಟಿ ಉಪ್ಪುನೀರನ್ನು ಅಡಿಕೆ ಬುಡಕ್ಕಾಗಲಿ ಬಾವಿಕಟ್ಟೆಯ ಹತ್ತಿರವಾಗಲಿ ಚೆಲ್ಲಬೇಡಿ. ಬೋಗುಣಿಯನ್ನು ನೀರು ಆರುವವರೆಗೆ ಬಿಸಿಲಿಗೇ ಬಿಟ್ಟರೆ ತಳದಲ್ಲಿ ಉಪ್ಪಿನ ಹರಳು ಕಟ್ಟುತ್ತದೆ, ಮಕ್ಕಳು ಅದನ್ನೂ ನೋಡಲಿ.