ಕೆರೆಯ ಮೂಲಧನ, ಗಾಳದ ತಾಳ್ಮೆ

ಗಿರಾಕಿ ಬಾರದ ದಿನವನ್ನು ವ್ಯಾಪಾರಿಗಳಾದ ನಾವು ನಷ್ಟದ ದಿನವೆಂದೇ ಎಣಿಸುತ್ತೇವೆ. ಅಂಗಡಿಯ ಬಾಡಿಗೆ, ಆಳುಗಳ ಪಗಾರ, ಬ್ಯಾಂಕಿನ ಬಡ್ಡಿ ಇವುಗಳಿಗೆ ರಜೆಯಿಲ್ಲ. ಆದರೆ ಅಂಥ ದಿನ ಮೊದಲು ಕೇಳಬೇಕಾದ ಪ್ರಶ್ನೆ, ಮೂಲಧನ ಉಳಿದಿದೆಯೋ ಕರಗುತ್ತಿದೆಯೋ ಎಂಬುದು. ಕೆರೆಯ ಮೀನುಗಾರಿಕೆಯಲ್ಲಿ ಈ ಪ್ರಶ್ನೆ ಬಹಳ ಸ್ಪಷ್ಟವಾಗಿ ಕಾಣುತ್ತದೆ.

ತೆರಿಗೆ ಲೆಕ್ಕಪರಿಶೋಧನೆಯ ಗಡಿಬಿಡಿ ಮುಗಿದು, ದೀಪಾವಳಿಯ ವಹಿಪೂಜೆಗೆ ಇನ್ನೂ ಅವಕಾಶವಿದ್ದ ಒಂದು ರವಿವಾರ, ಜೋರಾಪುರ ಪೇಟೆಯ ಹಾರ್ಡ್‌ವೇರ್ ವ್ಯಾಪಾರಿ ಮಿತ್ರರೊಬ್ಬರೊಡನೆ ಬಬಲೇಶ್ವರ ತಾಲೂಕಿನ ಮಮದಾಪುರ ಕೆರೆಗೆ ಹೋಗಿದ್ದೆ. ಮುಹಮ್ಮದ್ ಆದಿಲ್ ಶಾಹನ (1627–1656) ಕಾಲದ ಈ ವಿಶಾಲ ಕೆರೆಗೆ ಇತ್ತೀಚಿನ ವರ್ಷಗಳಲ್ಲಿ ಮುಳವಾಡ ಏತ ನೀರಾವರಿಯಿಂದ ಕೃಷ್ಣೆಯ ನೀರು ಬರುತ್ತಿದೆ. ಮಿತ್ರರು ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಶೇಂಗಾ ಹಿಂಡಿಯ ಉಂಡೆ ಕಟ್ಟಿ ಗಾಳ ಹಾಕಿದರು. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಬೆಂಡು ಅಲುಗಲಿಲ್ಲ. ಸಂಜೆಯ ಹೊತ್ತಿಗೆ ಸಿಕ್ಕಿದ್ದು ಗೇಣುದ್ದದ ಒಂದು ರೋಹು. ಅದನ್ನೂ ಅವರು ನೀರಿಗೇ ಬಿಟ್ಟರು. ಮೀನು ಮುಟ್ಟದ ಮನೆತನದ ನನಗೆ ಇದು ವಿಚಿತ್ರವೆನಿಸಿ ಕಾರಣ ಕೇಳಿದೆ. "ಸಾಹೇಬರ, ಇದು ಇನ್ನೂ ಬಂಡವಾಳ. ಲಾಭ ಆಗಬೇಕಾದರ ಮತ್ತೊಂದು ವರ್ಷ ಬೇಕು" ಎಂದರು.

ಈ ಮಾತಿನಲ್ಲಿ ಶಾಸ್ತ್ರವಿದೆ. ಮೀನು ಶೀತರಕ್ತ ಪ್ರಾಣಿ. ನೀರು ತಂಪಾದಂತೆ ಅದರ ಹಸಿವು ಕುಗ್ಗುತ್ತದೆ, ಬೆಳವಣಿಗೆಯೂ ನಿಧಾನವಾಗುತ್ತದೆ. ಕಾಟ್ಲಾ ಮೇಲ್‌ಸ್ತರದಲ್ಲಿಯೂ, ರೋಹು ಮಧ್ಯಸ್ತರದಲ್ಲಿಯೂ, ಮೃಗಾಲ್ ತಳದಲ್ಲಿಯೂ ಮೇಯುತ್ತವೆ. ಇವು ಮಳೆಗಾಲದಲ್ಲಿ ಹರಿಯುವ ನದಿಯಲ್ಲಿ ಮೊಟ್ಟೆಯಿಡುವ ತಳಿಗಳಾದ್ದರಿಂದ ನಿಂತ ಕೆರೆಯಲ್ಲಿ ಸಾಮಾನ್ಯವಾಗಿ ಸಂತಾನ ಬೆಳೆಸುವುದಿಲ್ಲ. ಆದಕಾರಣ ಮರಿಗಳನ್ನು ಮತ್ತೆ ಮತ್ತೆ ತಂದು ಬಿಡಬೇಕು. ಮರಿ ಬಿಡದೆ ಬಲೆ ಮಾತ್ರ ಎಳೆಯುವವನು ಮಾಲು ತುಂಬದೆ ಅಂಗಡಿ ನಡೆಸಿದಂತೆ.

ಗುತ್ತಿಗೆಯ ಕೊನೆಯ ವರ್ಷ

ಕೆರೆಯ ಮೀನು ಹಿಡಿಯುವ ಹಕ್ಕು ನಿಗದಿತ ಅವಧಿಗೆ ಗುತ್ತಿಗೆ ಹೋಗುತ್ತದೆ. ಅವಧಿ ಮುಗಿಯುವಾಗ ಸಣ್ಣ ಕಣ್ಣಿನ ಬಲೆ ಹಾಕಿ ಎಳೆಮೀನನ್ನೂ ಬಳಿದುಕೊಳ್ಳುವ ಆಸೆ ಹುಟ್ಟುವುದು ಸಹಜ. ಮುಂದಿನ ವರ್ಷದ ಫಲ ಬೇರೆಯವನದು. ಆ ವರ್ಷದ ವಹಿಯಲ್ಲಿ ಲಾಭ ಹೆಚ್ಚಾಗಿ ಕಾಣುತ್ತದೆ. ವಾಸ್ತವವಾಗಿ ಅದು ಆದಾಯವಲ್ಲ, ಮೂಲಧನದ ಮಾರಾಟ.

ಇದಕ್ಕೆ ವಿರುದ್ಧವಾದ ನಡೆಯೂ ಉಂಟು. 1972ರಲ್ಲಿ ಸ್ಥಾಪನೆಯಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಕಾವೇರಿಯ ಒಂದು ಭಾಗವನ್ನು ಗುತ್ತಿಗೆ ಪಡೆದು ಕಾವಲಿಟ್ಟಿತು. ಗಾಳಪ್ರಿಯರು ಹಣ ತೆತ್ತು ಮಹಶೀರ್ ಹಿಡಿದು, ತೂಗಿ, ಮರಳಿ ನದಿಗೆ ಬಿಡುತ್ತಿದ್ದರು. ಮುಂದೆ ಅಭಯಾರಣ್ಯದ ನಿಯಮಗಳಿಂದ ಅಲ್ಲಿ ಗಾಳ ಹಾಕುವುದು ನಿಂತಿತು. ಬಾಸ್ ಮೀನಿನ ಗಾಳ ಜನಪ್ರಿಯವಾಗಿರುವ ಅಮೆರಿಕೆಯಲ್ಲಿ 1950ರ ಕಾಯ್ದೆಯಂತೆ ಗಾಳದ ಸಾಮಗ್ರಿಗಳ ತಯಾರಕರಿಂದ ಸುಂಕ ಪಡೆದು, ಆ ಹಣವನ್ನು ಮೀನು ಸಂಪತ್ತಿನ ಪುನರುಜ್ಜೀವನಕ್ಕೆಂದೇ ರಾಜ್ಯಗಳಿಗೆ ಹಂಚಲಾಗುತ್ತದೆ. ಗಾಳದಿಂದ ಬಂದ ಹಣ ನೀರಿಗೇ ಮರಳುವ ವ್ಯವಸ್ಥೆಯಿದು.

ಸದಸ್ಯರ ಗಮನಕ್ಕೆ

ಮೀನುಗಾರಿಕೆಯ ವರಮಾನವು ಆದಾಯ ತೆರಿಗೆಯ ದೃಷ್ಟಿಯಲ್ಲಿ ಕೃಷಿ ಆದಾಯವಲ್ಲ. ರೈತರೇ ಗುತ್ತಿಗೆ ಹಿಡಿದರೂ ಅದು ವ್ಯಾಪಾರದ ಆದಾಯವೇ. ಮೀನುಗಾರರ ಸಹಕಾರಿ ಸಂಘಗಳಿಗೆ ಷರತ್ತುಬದ್ಧ ವಿನಾಯಿತಿ ಇದೆ. ತಾಜಾ ಮೀನಿಗೆ ಜಿಎಸ್‌ಟಿ ಇಲ್ಲ. ಗಾಳದ ಕೋಲು ಮೊದಲಾದ ಸಾಮಗ್ರಿಗಳ ದರ 22 ಸೆಪ್ಟೆಂಬರ್ 2025ರಿಂದ ಶೇ. 5 ಆಗಿದೆ. ಗುತ್ತಿಗೆ ಹಿಡಿಯುವವರು ಗುತ್ತಿಗೆಯ ಹಣ, ಬಿಟ್ಟ ಮರಿಗಳ ಸಂಖ್ಯೆ ಮತ್ತು ಬೆಲೆ, ಹಿಡಿದ ಮೀನಿನ ತೂಕ ಇವನ್ನು ಪ್ರತ್ಯೇಕವಾಗಿ ಬರೆದಿಡಬೇಕು. ಮರಿಗಳ ದಾಖಲೆಯನ್ನು ಹರಾಜಿನ ಷರತ್ತಿನಲ್ಲಿಯೇ ಕಡ್ಡಾಯ ಮಾಡುವಂತೆ ನಮ್ಮ ಸಂಸ್ಥೆ ಸಂಬಂಧಪಟ್ಟ ಇಲಾಖೆಯನ್ನು ಕೋರುವುದು ಉಚಿತ.

ಇತರ ವ್ಯಾಪಾರಿ ಬಂಧುಗಳಿಗೂ ಇದು ಅನ್ವಯಿಸುತ್ತದೆ. ಗಿರಾಕಿ ಇಲ್ಲದ ದಿನ ಬೇಸತ್ತು ಅಸಲಿಗಿಂತ ಕಡಿಮೆ ಬೆಲೆಗೆ ಮಾಲು ಬಿಡುವುದು, ಗುರುತಿಲ್ಲದವರಿಗೆ ಉದ್ರಿ ಕೊಡುವುದು ಎಳೆಮೀನು ಹಿಡಿದ ಹಾಗೆಯೇ ಸರಿ. ಆ ದಿನ ದಾಸ್ತಾನು ಎಣಿಸಿ, ಉದ್ರಿಯ ಪಟ್ಟಿ ನೋಡಿ, ಹಳೆಯ ಬಾಕಿದಾರರಿಗೆ ಪತ್ರ ಬರೆಯುವುದು ಲೇಸು.