ರೂಟ್ ಮಾಡಿದ ಮೊಬೈಲ್ ಎಷ್ಟು ಸುರಕ್ಷಿತ?

ಕಲಬುರಗಿ: ಬ್ಯಾಂಕಿನ ಆ್ಯಪ್ ತೆರೆದೊಡನೆ ‘ಈ ಫೋನ್ ರೂಟ್ ಆಗಿದೆ’ ಎಂಬ ಸೂಚನೆ ಮೂಡಿ ಆ್ಯಪ್ ತಾನಾಗಿಯೇ ಮುಚ್ಚಿಕೊಂಡರೆ ಯಾರಿಗಾದರೂ ಗಾಬರಿಯಾಗುವುದು ಸಹಜ. ತಾವೇ ಕುತೂಹಲದಿಂದ ರೂಟ್ ಮಾಡಿದವರಿಗಿಂತ, ಬೇರೊಬ್ಬರು ರೂಟ್ ಮಾಡಿ ಮಾರಿದ ಹಳೆಯ ಫೋನ್ ಕೊಂಡವರ ಆತಂಕ ದೊಡ್ಡದು. ನಗರದ ಸೂಪರ್ ಮಾರ್ಕೆಟ್‌ನ ವ್ಯಾಪಾರಿಯಿರಲಿ, ಕಮಲಾಪುರದ ಕೆಂಬಾಳೆ ಬೆಳೆಗಾರನಿರಲಿ, ಹಣ ಕೊಡುವುದೂ ಪಡೆಯುವುದೂ ಫೋನಿನಲ್ಲೇ ಆಗುತ್ತಿರುವಾಗ ಈ ಆತಂಕವನ್ನು ತಳ್ಳಿಹಾಕುವಂತಿಲ್ಲ.

ರೂಟ್ ಎಂದರೇನು?

ಆಂಡ್ರಾಯ್ಡ್‌ಗೆ ಆಧಾರ ಲಿನಕ್ಸ್. ಅದರಲ್ಲಿ ಸರ್ವಾಧಿಕಾರವುಳ್ಳ ಬಳಕೆದಾರನ ಹೆಸರೇ ‘ರೂಟ್’. ಫೋನನ್ನು ಒಂದು ವಠಾರವೆಂದು ಭಾವಿಸೋಣ. ಪ್ರತಿಯೊಂದು ಆ್ಯಪ್‌ಗೂ ಬೀಗವಿರುವ ಪ್ರತ್ಯೇಕ ಕೋಣೆಯಿದೆ. ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗುವಂತಿಲ್ಲ. ರೂಟ್ ಎಂಬುದು ಎಲ್ಲ ಕೋಣೆಗಳನ್ನೂ ತೆರೆಯುವ ಒಂದೇ ಕೀಲಿಕೈ. ತಯಾರಕರು ಅದನ್ನು ಫೋನಿನ ಮಾಲೀಕನಿಗೂ ಕೊಟ್ಟಿರುವುದಿಲ್ಲ.

ಹಾಗೆಂದು ರೂಟ್ ಮಾಡುವವರೆಲ್ಲ ಕಿಡಿಗೇಡಿಗಳಲ್ಲ. 2012ರಲ್ಲಿ ಬಂದ ಆಂಡ್ರಾಯ್ಡ್ 4.1 ಆವೃತ್ತಿ ಕನ್ನಡ ಲಿಪಿಗೆ ಬೆಂಬಲ ನೀಡಿತು. ಅದಕ್ಕೂ ಹಿಂದಿನ ಅನೇಕ ಫೋನುಗಳಲ್ಲಿ ಕನ್ನಡ ಅಕ್ಷರಗಳ ಬದಲು ಬರೀ ಚೌಕಗಳು ಕಾಣುತ್ತಿದ್ದವು. ಕನ್ನಡ ಓದುವ ಸಲುವಾಗಿಯೇ ಫೋನ್ ರೂಟ್ ಮಾಡಿ ಫಾಂಟ್ ಅಳವಡಿಸಿಕೊಂಡವರಿದ್ದರು. ಕಂಪನಿ ಕೈಬಿಟ್ಟ ಹಳೆಯ ಫೋನಿಗೆ ಹೊಸ ಆವೃತ್ತಿ ಹಾಕಿಕೊಳ್ಳುವವರು, ಬೇಡವಾದ ಆ್ಯಪ್‌ಗಳನ್ನು ಬೇರುಸಹಿತ ಕಿತ್ತುಹಾಕಲು ಬಯಸುವವರು ಇಂದಿಗೂ ಈ ದಾರಿ ಹಿಡಿಯುತ್ತಾರೆ.

ಅಪಾಯ ಎಲ್ಲಿದೆ?

ಕೀಲಿಕೈ ಯಾರ ಕೈಯಲ್ಲಿದೆ ಎಂಬುದೇ ಮುಖ್ಯ ಪ್ರಶ್ನೆ. ಬೂಟ್‌ಲೋಡರ್‌ನ ಬೀಗವನ್ನು ಅಧಿಕೃತವಾಗಿ ತೆರೆದು, ಮ್ಯಾಜಿಸ್ಕ್‌ನಂತಹ ಮುಕ್ತ ತಂತ್ರಾಂಶವನ್ನು ಅದರ ಮೂಲ ತಾಣದಿಂದಲೇ ಪಡೆದು ರೂಟ್ ಮಾಡಿದಲ್ಲಿ, ಯಾವ ಆ್ಯಪ್‌ಗೆ ಅಧಿಕಾರ ಕೊಡಬೇಕೆಂಬುದನ್ನು ಮಾಲೀಕನೇ ತೀರ್ಮಾನಿಸಬಹುದು. ‘ಒಂದೇ ಒತ್ತಿಗೆ ರೂಟ್’ ಎನ್ನುವ ಅನಾಮಧೇಯ ಆ್ಯಪ್‌ಗಳು ಫೋನಿನ ಭದ್ರತಾ ಲೋಪವನ್ನೇ ಬಳಸಿಕೊಳ್ಳುತ್ತವೆ. ಅವು ಒಳಗೆ ಇನ್ನೇನು ಬಿಟ್ಟುಹೋಗಿವೆ ಎಂದು ಸಾಮಾನ್ಯ ಬಳಕೆದಾರ ಅರಿಯುವುದು ಕಷ್ಟ.

2016ರಲ್ಲಿ ಬೆಳಕಿಗೆ ಬಂದ ‘ಗೂಲಿಗನ್’ ಕುತಂತ್ರಾಂಶ ಇದಕ್ಕೆ ಉದಾಹರಣೆ. ಅದು ಆಂಡ್ರಾಯ್ಡ್ 4 ಹಾಗೂ 5 ಆವೃತ್ತಿಗಳ ಲೋಪ ಬಳಸಿ ಮಾಲೀಕನಿಗೆ ತಿಳಿಯದಂತೆ ಫೋನನ್ನು ರೂಟ್ ಮಾಡಿ, 10 ಲಕ್ಷಕ್ಕೂ ಹೆಚ್ಚು ಗೂಗಲ್ ಖಾತೆಗಳಿಗೆ ಕನ್ನ ಹಾಕಿತ್ತು. ರೂಟ್ ಅಧಿಕಾರ ಪಡೆದ ಆ್ಯಪ್ ಸಂದೇಶ, ಒಟಿಪಿಗಳನ್ನೂ ಓದಬಲ್ಲದು. ಬ್ಯಾಂಕ್ ಆ್ಯಪ್‌ಗಳು ಹಿಂಜರಿಯುವುದು ಇದೇ ಕಾರಣಕ್ಕೆ.

ಪತ್ತೆ ಹೇಗೆ?

ಫೋನ್ ಆನ್ ಆಗುವಾಗ ಬೂಟ್‌ಲೋಡರ್ ಬೀಗ ತೆರೆದಿದೆ ಎಂಬ ಎಚ್ಚರಿಕೆ ಬರುತ್ತದೆಯೇ ಗಮನಿಸಿ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನ ‘ಅಬೌಟ್’ ವಿಭಾಗದಲ್ಲಿ ಫೋನ್ ಪ್ರಮಾಣೀಕೃತವೇ ಎಂದು ನೋಡಿ. ಆದರೆ ರೂಟ್ ಅನ್ನು ಮರೆಮಾಚುವ ಉಪಾಯಗಳೂ ಇರುವುದರಿಂದ ಈ ಪರೀಕ್ಷೆಗಳೇ ಅಂತಿಮವಲ್ಲ.

ಪರಿಹಾರವೇನು?

‘ಫ್ಯಾಕ್ಟರಿ ರೀಸೆಟ್’ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ತಪ್ಪು ಕಲ್ಪನೆ. ಅದು ಬಳಕೆದಾರನ ಮಾಹಿತಿಯನ್ನಷ್ಟೇ ಅಳಿಸುತ್ತದೆ. ಮೂಲ ವ್ಯವಸ್ಥೆಯಲ್ಲಿ ಆಗಿರುವ ಬದಲಾವಣೆ ಹಾಗೆಯೇ ಉಳಿಯಬಹುದು. ಕಂಪನಿಯ ಅಧಿಕೃತ ತಂತ್ರಾಂಶವನ್ನು ಪೂರ್ಣವಾಗಿ ಮರುಸ್ಥಾಪಿಸಿ, ಅನಂತರವೇ ಬೂಟ್‌ಲೋಡರ್‌ಗೆ ಬೀಗ ಹಾಕುವುದು ಸರಿಯಾದ ಕ್ರಮ. ಕ್ರಮ ತಪ್ಪಿ, ಬದಲಾದ ತಂತ್ರಾಂಶವಿರುವಾಗಲೇ ಬೀಗ ಹಾಕಿದರೆ ಫೋನ್ ಚಾಲೂ ಆಗದೇ ಹೋಗಬಹುದು. ಆದ್ದರಿಂದ ಈ ಕೆಲಸವನ್ನು ಅಧಿಕೃತ ಸೇವಾ ಕೇಂದ್ರಕ್ಕೆ ಒಪ್ಪಿಸುವುದು ಲೇಸು. ಸ್ಯಾಮ್‌ಸಂಗ್ ಫೋನುಗಳಲ್ಲಿ ‘ನಾಕ್ಸ್’ ಗುರುತು ಒಮ್ಮೆ ಬದಲಾದರೆ ಮತ್ತೆ ಮೊದಲಿನಂತಾಗದು ಎಂಬುದೂ ನೆನಪಿರಲಿ.

ಅಲ್ಲಿಯವರೆಗೆ ಆ ಫೋನಿನಲ್ಲಿ ಯುಪಿಐ, ಬ್ಯಾಂಕ್ ವ್ಯವಹಾರ ನಡೆಸಬೇಡಿ. ಪಾಸ್‌ವರ್ಡ್‌ಗಳನ್ನು ಬೇರೊಂದು ಫೋನಿನಿಂದ ಬದಲಿಸಿ, ಒಟಿಪಿ ಬರುವ ಸಿಮ್ ಅನ್ನೂ ಅದಕ್ಕೇ ವರ್ಗಾಯಿಸಿ. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಿ. ಹಳೆಯ ಫೋನ್ ಕೊಳ್ಳುವವರು ಅಂಗಡಿಯಲ್ಲೇ ಅದನ್ನೊಮ್ಮೆ ಆಫ್ ಮಾಡಿ ಆನ್ ಮಾಡಿಸಿ ನೋಡಿದರೆ, ಎಚ್ಚರಿಕೆಯಿದ್ದಲ್ಲಿ ಹಣ ಕೊಡುವ ಮುನ್ನವೇ ಕಣ್ಣಿಗೆ ಬೀಳುತ್ತದೆ.