ವಿದಾಯವಿಲ್ಲದೆ ಹೋದ ಟ್ರೂಜೆಟ್

ಕೊಡಂಬಲ, ಹುಮನಾಬಾದ್, ಬಸವಕಲ್ಯಾಣದ ಕಡೆಯವರಿಗೆ ಆಕಾಶದ ಸದ್ದು ಹೊಸದಲ್ಲ. ಬೀದರ್ ವಾಯುನೆಲೆಯ ತರಬೇತಿ ಜೆಟ್‌ಗಳನ್ನೂ ಸೂರ್ಯಕಿರಣ್ ತಂಡದ ಕಸರತ್ತನ್ನೂ ನೋಡುತ್ತ ಬೆಳೆದ ಸೀಮೆ ಇದು. ಆದರೆ ಟಿಕೆಟ್ ಕೊಂಡು ಹತ್ತುವ ವಿಮಾನ ಬಂದದ್ದು 2020ರ ಫೆಬ್ರುವರಿ 7ರಂದು. ಅದರ ಮೈಮೇಲೆ ಬರೆದಿದ್ದ ಹೆಸರು ಟ್ರೂಜೆಟ್.

ಅದಕ್ಕೂ ಮುನ್ನ ಬೀದರ್‌ನ ನಾಗರಿಕ ಟರ್ಮಿನಲ್ ವರ್ಷಗಟ್ಟಲೆ ಬಾಗಿಲು ಹಾಕಿಕೊಂಡು ಕೂತಿತ್ತು. ಶಂಶಾಬಾದ್‌ನಲ್ಲಿ 2008ರಲ್ಲಿ ಶುರುವಾದ ಹೈದರಾಬಾದ್ ನಿಲ್ದಾಣದ ಒಪ್ಪಂದದಲ್ಲಿ, ಸುತ್ತ 150 ಕಿ.ಮೀ. ಒಳಗೆ ಪೈಪೋಟಿ ಬೇಡವೆಂಬ ಷರತ್ತಿತ್ತು. ಬೀದರ್ ಆ ಗೆರೆಯೊಳಗೇ ಸಿಕ್ಕಿಕೊಂಡಿತ್ತು. ನೆರೆಮನೆಯ ಕರಾರಿಗೆ ನಮ್ಮ ಮನೆಯ ಬಾಗಿಲು ಮುಚ್ಚಿದಂತೆ!

ಗಂಟು ಬಿಚ್ಚಿದ್ದು ಉಡಾನ್ ಯೋಜನೆಯ ಕಾಲಕ್ಕೆ. ಸಣ್ಣ ಊರಿನ ಮಾರ್ಗವೊಂದನ್ನು ಒಂದೇ ಕಂಪನಿಗೆ ಮೂರು ವರ್ಷ ಬಿಟ್ಟುಕೊಟ್ಟು, ಕೆಲವು ಸೀಟುಗಳ ದರಕ್ಕೆ ಮಿತಿ ಹಾಕಿ, ನಷ್ಟದ ಪಾಲನ್ನು ಸರ್ಕಾರ ತುಂಬಿಕೊಡುವ ಲೆಕ್ಕಾಚಾರ ಅದು. ಹೈದರಾಬಾದ್‌ನ ಟರ್ಬೊ ಮೇಘಾ ಕಂಪನಿ 2015ರ ಜುಲೈನಲ್ಲಿ ಆರಂಭಿಸಿದ್ದ ಟ್ರೂಜೆಟ್ ಈ ಲೆಕ್ಕಕ್ಕೆ ಹೊಂದುವಂಥದ್ದೇ. ಅದರ ಬಳಿ ಇದ್ದದ್ದು ಎಟಿಆರ್-72 ವಿಮಾನಗಳು: ಎರಡು ಪಂಖಾ, ಸುಮಾರು ಎಪ್ಪತ್ತು ಸೀಟು, ಕಡಿಮೆ ಇಂಧನ, ಸಣ್ಣ ರನ್‌ವೇ ಸಾಕು. ಬಳ್ಳಾರಿ ಬಳಿಯ ವಿದ್ಯಾನಗರ, ಆಂಧ್ರದ ಕಡಪದಂಥ ದೊಡ್ಡ ಕಂಪನಿಗಳು ತಿರುಗಿ ನೋಡದ ಊರುಗಳೇ ಅದರ ನಕ್ಷೆಯಲ್ಲಿದ್ದವು. ಬೆಂಗಳೂರಿಗೆ ರಾತ್ರಿಯಿಡೀ ರೈಲು, ಬಸ್ಸಿನಲ್ಲಿ ಹೋಗುತ್ತಿದ್ದ ಬೀದರ್ ಸೀಮೆಯವರಿಗೆ ಎರಡು ಗಂಟೆಯೊಳಗಿನ ದಾರಿ ಸಿಕ್ಕಿತು.

ಸಿಕ್ಕಿ ಎಷ್ಟು ದಿನ? ಮಾರ್ಚ್ 25ಕ್ಕೆ ಕೊರೊನಾದಿಂದ ದೇಶದ ವಿಮಾನಗಳೆಲ್ಲ ನೆಲಕ್ಕಿಳಿದವು. ಎರಡು ತಿಂಗಳ ನಂತರ ಹಾರಾಟಕ್ಕೆ ಅನುಮತಿ ಸಿಕ್ಕರೂ ಕಂಪನಿಯ ಕೈ ಸುಧಾರಿಸಲಿಲ್ಲ. ಬಾಡಿಗೆಗೆ ತಂದ ವಿಮಾನ ನೆಲದ ಮೇಲಿದ್ದರೂ ಬಾಡಿಗೆ ನಿಲ್ಲುವುದಿಲ್ಲವಲ್ಲ. 2022ರ ಫೆಬ್ರುವರಿಯಲ್ಲಿ ಟ್ರೂಜೆಟ್ ‘ತಾತ್ಕಾಲಿಕವಾಗಿ’ ನಿಂತಿತು. ಮತ್ತೆ ಏಳಲಿಲ್ಲ.

ತಾತ್ಕಾಲಿಕ ಎಂದು ನಿಂತದ್ದಕ್ಕೆ ಯಾರೂ ಬೀಳ್ಕೊಡುಗೆ ಮಾಡುವುದಿಲ್ಲ. ಬ್ರ್ಯಾಂಡಿನ ಕೊನೆಯ ಹಾರಾಟ ಸಮಾರಂಭವಾಗಬೇಕಾದರೆ ಹಿಂದೆ ಸಿರಿವಂತ ವಾರಸುದಾರ ಇರಬೇಕು ಅನಿಸುತ್ತದೆ. ಏರ್ ಇಂಡಿಯಾದಲ್ಲಿ ವಿಲೀನವಾದ ವಿಸ್ತಾರಾ ಕಂಪನಿ 2024ರ ನವೆಂಬರ್ 11ರಂದು ಕೊನೆಯ ಬಾರಿ ಆ ಹೆಸರಲ್ಲಿ ಹಾರಿತು. ದಿನಾಂಕ ತಿಂಗಳುಗಳ ಮೊದಲೇ ಗೊತ್ತಿದ್ದರಿಂದ ಅಭಿಮಾನಿಗಳು ಅಂದಿನ ಟಿಕೆಟ್ ಹುಡುಕಿ ಕೊಂಡರು. ಮರುದಿನ ಅದೇ ವಿಮಾನ, ಅದೇ ಸಿಬ್ಬಂದಿ ಏರ್ ಇಂಡಿಯಾ ಲೆಕ್ಕಕ್ಕೆ ಬಂದವು. ಹೋದದ್ದು ‘ಯುಕೆ’ ಎಂಬ ಸಂಕೇತಾಕ್ಷರ, ಹೆಸರು ಮತ್ತು ನಿಧಾನವಾಗಿ ಆ ನೇರಳೆ ಬಣ್ಣ.

ಕರ್ನಾಟಕದ ಕಂಪನಿಗಳಿಗೆ ಈ ಭಾಗ್ಯ ಇರಲಿಲ್ಲ. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಶುರುವಾಗಿ, ಅಗ್ಗದ ಟಿಕೆಟ್ಟಿನ ರುಚಿ ಹತ್ತಿಸಿ, 2008ರಲ್ಲಿ ಕಿಂಗ್‌ಫಿಶರ್ ರೆಡ್ ಆಯಿತು. ಆ ಕಿಂಗ್‌ಫಿಶರ್‌ನ ಪರವಾನಗಿಯನ್ನೇ 2012ರ ಅಕ್ಟೋಬರ್‌ನಲ್ಲಿ ಅಮಾನತು ಮಾಡಲಾಯಿತು. ಸಂಬಳ ಬಾಕಿ ಉಳಿದ ಸಿಬ್ಬಂದಿ ಮುಷ್ಕರದಲ್ಲಿದ್ದಾಗ ಬೀಳ್ಕೊಡುಗೆಯ ಕೇಕ್ ಕತ್ತರಿಸುವವರು ಯಾರು?

ಬೀದರ್ ಮಾರ್ಗವನ್ನು 2022ರ ಜೂನ್‌ನಲ್ಲಿ ಸ್ಟಾರ್ ಏರ್ ಕೈಗೆತ್ತಿಕೊಂಡಿತು. 2023 ಮುಗಿಯುವ ಹೊತ್ತಿಗೆ ಅದೂ ನಿಂತು, 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಸಹಾಯಧನ ಇರುವ ತನಕ ಸೇವೆ ಎಂಬ ಗುಟ್ಟು ಇಲ್ಲಿನ ಪ್ರಯಾಣಿಕರಿಗೂ ಗೊತ್ತು. ಹಾಗಾಗಿ ಹುಮನಾಬಾದ್ ಕಡೆಯವರು ಹೈದರಾಬಾದಿನ ಹೆದ್ದಾರಿಯನ್ನು ಲೆಕ್ಕದಲ್ಲಿಟ್ಟುಕೊಂಡೇ ಬೀದರ್ ವಿಮಾನದ ಟಿಕೆಟ್ ಕೊಳ್ಳುತ್ತಾರೆ.